ಕೊನೆಯ ಸ್ನಾನಕ್ಕೆ ಮೊದಲು ಒಂದು ಫೋನ್

2025ರಲ್ಲಿ ಕೇರಳದ ಸುದ್ದಿ ಓದಿದವರಿಗೆ ಒಂದು ಗೊಂದಲ ಆಗಿರಲೇಬೇಕು. ಮಲಪ್ಪುರಂ, ಪಾಲಕ್ಕಾಡ್ ಜಿಲ್ಲೆಗಳಲ್ಲಿ ನಿಫಾ ವೈರಸ್ಸಿನ ಜ್ವರ ಮತ್ತೆ ಕಾಣಿಸಿಕೊಂಡಿತು. ರೋಗಿಯ ಹತ್ತಿರ ಯಾರ್ಯಾರು ಹೋಗಿದ್ದರು ಎಂಬ ಪಟ್ಟಿ ನೂರರ ಲೆಕ್ಕದಲ್ಲಿ ಬೆಳೆಯಿತು. ಅದೇ ವರ್ಷ ಅಮೀಬಾದಿಂದ ಬರುವ ಮಿದುಳು ಜ್ವರಕ್ಕೂ ಜನ ಬಲಿಯಾದರು. ಅಲ್ಲಿ ಅಂಥ ಪಟ್ಟಿ ಇರಲಿಲ್ಲ. ಎರಡೂ ಮಿದುಳಿಗೆ ಏರುವ ಕಾಯಿಲೆ, ಎರಡೂ ಕೊಲ್ಲುತ್ತವೆ. ಹಾಗಿದ್ದರೆ ಒಂದಕ್ಕೆ ಅಷ್ಟು ಬಿಗಿ, ಇನ್ನೊಂದಕ್ಕೆ ಏನೂ ಇಲ್ಲ, ಯಾಕೆ?

ಕಾಸರಗೋಡಿನ ಕನ್ನಡಿಗರಿಗೆ ಈ ಗೊಂದಲ ಇನ್ನೂ ಜಾಸ್ತಿ. ಆರೋಗ್ಯ ಇಲಾಖೆಯ ಸೂಚನೆ ಹೆಚ್ಚಾಗಿ ಮಲಯಾಳದಲ್ಲಿ ಬರುತ್ತದೆ. ರೋಗಿ ಮಂಗಳೂರಿನ ಆಸ್ಪತ್ರೆಯಲ್ಲಿದ್ದರೆ ಅಲ್ಲಿನ ಫೈಲು ಇಂಗ್ಲಿಷಿನಲ್ಲಿ. ಮನೆಯಲ್ಲಿ ಅಳುತ್ತಾ ಕೂತವರ ಮಾತು ಕನ್ನಡ, ತುಳು, ಬ್ಯಾರಿ ಅಥವಾ ಕೊಂಕಣಿ. ಈ ನಡುವೆ ಒಬ್ಬರು 'ಹೆಣ ಮುಟ್ಟಿದರೆ ನೀವೂ ಹೋಗ್ತೀರಿ' ಎಂದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಇನ್ನೊಬ್ಬರು 'ಅದೆಲ್ಲ ಸುಮ್ನೆ, ಜೀವ ಹೋದ ಮೇಲೆ ರೋಗ ಎಲ್ಲಿಂದ' ಎನ್ನುತ್ತಾರೆ. ಎರಡೂ ತಪ್ಪು. ಮನೆಯಲ್ಲೇ ಸಾವು ಆದಾಗ ಈ ಎರಡು ತಪ್ಪುಗಳ ನಡುವೆ ಮೊದಲ ಎರಡು ಗಂಟೆಯಲ್ಲಿ ಏನು ಮಾಡುತ್ತೇವೆ ಎಂಬುದೇ ಮುಖ್ಯ.

ಹೆಣ ಕೆಮ್ಮುವುದಿಲ್ಲ

ರೋಗಾಣು ಒಂದು ದೇಹದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅದಕ್ಕೊಂದು ದಾರಿ ಬೇಕು. ಬದುಕಿರುವ ರೋಗಿ ಕೆಮ್ಮುತ್ತಾನೆ, ಸೀನುತ್ತಾನೆ, ವಾಂತಿ ಮಾಡುತ್ತಾನೆ, ಮಾತಾಡುತ್ತಾನೆ. ಅವನು ದಾರಿಗಳನ್ನು ತಾನೇ ತೆರೆಯುತ್ತಾನೆ. ಸತ್ತ ದೇಹ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಆದ್ದರಿಂದ ಕೋಣೆಯ ಬಾಗಿಲಲ್ಲಿ ನಿಂತು ಮುಖ ನೋಡಿದವರಿಗೆ ದೇಹದಿಂದ ರೋಗ ಹಾರಿ ಬರುವುದಿಲ್ಲ. ಭೂಕಂಪ, ಸುನಾಮಿಯಲ್ಲಿ ಗಾಯಗೊಂಡು ಸತ್ತವರ ಹೆಣಗಳಿಂದ ಪಿಡುಗು ಹಬ್ಬುತ್ತದೆ ಎಂಬ ಹಳೇ ನಂಬಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ವರ್ಷಗಳಿಂದ ಅಲ್ಲಗಳೆಯುತ್ತಾ ಬಂದಿದೆ.

ಆದರೆ ಜೀವ ಹೋದ ಕ್ಷಣಕ್ಕೆ ರೋಗಾಣುವೂ ಹೋಗುವುದಿಲ್ಲ. ರಕ್ತದಲ್ಲಿ, ಜೊಲ್ಲಿನಲ್ಲಿ, ಮಲಮೂತ್ರದಲ್ಲಿ, ಶ್ವಾಸಕೋಶದಲ್ಲಿ ಅದು ಗಂಟೆಗಟ್ಟಲೆ, ಕೆಲವು ರೋಗಗಳಲ್ಲಿ ದಿನಗಟ್ಟಲೆ ಉಳಿಯಬಹುದು. ಸತ್ತ ಮೇಲೆ ಸ್ನಾಯುಗಳ ಬಿಗಿ ಹೋಗುತ್ತದೆ. ಮಲಮೂತ್ರ ತಾನಾಗಿ ಸೋರುತ್ತದೆ. ದೇಹವನ್ನು ಎತ್ತಿದಾಗ, ಮಗ್ಗುಲು ತಿರುಗಿಸಿದಾಗ, ಎದೆ ಹೊಟ್ಟೆ ಒತ್ತಿದಾಗ ಒಳಗೆ ಉಳಿದ ಗಾಳಿ ಬಾಯಿಂದ ಹೊರಬರುತ್ತದೆ. ಅದರ ಜೊತೆ ಕಫ, ನೊರೆಯೂ ಬರಬಹುದು. ಹಾಗಾಗಿ ಅಪಾಯ ಇರುವುದು ನೋಡುವುದರಲ್ಲಿ ಅಲ್ಲ, ಒದ್ದೆಯನ್ನು ಮುಟ್ಟುವುದರಲ್ಲಿ. ಆ ಒದ್ದೆ ಕೈ ಕಣ್ಣಿಗೆ, ಮೂಗಿಗೆ, ಬಾಯಿಗೆ ಅಥವಾ ಕೈಮೇಲಿನ ಸಣ್ಣ ಗಾಯಕ್ಕೆ ತಾಗಿದರೆ ದಾರಿ ತೆರೆಯಿತು.

ಎಲ್ಲ ಜ್ವರವೂ ಒಂದೇ ಅಲ್ಲ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಮೀಬಾ ಮಿದುಳು ಜ್ವರ ಬರುವುದು ಕೆರೆ, ಕೊಳ, ಹೊಂಡದ ನೀರು ಮೂಗಿನೊಳಗೆ ಹೋದಾಗ. ಮನುಷ್ಯನಿಂದ ಮನುಷ್ಯನಿಗೆ ಅದು ಹರಡುವುದಿಲ್ಲ. ಬದುಕಿದ್ದಾಗಲೇ ಹರಡದ್ದು ಸತ್ತ ಮೇಲೆ ಹರಡುವುದು ಹೇಗೆ? ಡೆಂಗಿ, ಮಲೇರಿಯಾಕ್ಕೆ ನಡುವೆ ಸೊಳ್ಳೆ ಬೇಕು. ಇಲಿಜ್ವರ ಇಲಿಯ ಮೂತ್ರ ಬೆರೆತ ನೀರಿನಿಂದ, ಗದ್ದೆ ತೋಟದ ಕೆಸರಿನಿಂದ ಬರುತ್ತದೆ. ಇವುಗಳಲ್ಲಿ ರಕ್ತ, ಮೂತ್ರ ತಾಗದ ಹಾಗೆ ಕೈಗವಸು ಹಾಕಿಕೊಂಡರೆ ಉಳಿದದ್ದೆಲ್ಲ ಎಂದಿನಂತೆ ನಡೆಯಬಹುದು.

ಕ್ಷಯ, ಎಚ್1ಎನ್1, ಕೋವಿಡ್ ಇವು ಉಸಿರಿನ ರೋಗಗಳು. ಇಲ್ಲಿ ಎಚ್ಚರ ಬೇಕಾದದ್ದು ದೇಹ ಎತ್ತುವವರಿಗೆ, ತಿರುಗಿಸುವವರಿಗೆ. ಸತ್ತವರ ಬಾಯಿ ಮೂಗಿನ ಮೇಲೊಂದು ಬಟ್ಟೆ ಅಥವಾ ಮಾಸ್ಕ್ ಇಟ್ಟು, ಎತ್ತುವವರೂ ಮಾಸ್ಕ್ ಹಾಕಿ, ಕಿಟಕಿ ತೆರೆದಿಟ್ಟರೆ ಅಪಾಯ ಬಹಳ ಇಳಿಯುತ್ತದೆ. ಕಾಲರಾ, ವಾಂತಿಭೇದಿ, ಹಳದಿರೋಗದಲ್ಲಿ ದಾರಿಯೇ ಬೇರೆ. ಅಲ್ಲಿ ರೋಗ ಮಲದಿಂದ ಕೈಗೆ, ಕೈಯಿಂದ ಊಟಕ್ಕೆ ಹೋಗುತ್ತದೆ. ಹಾಗಾಗಿ ಕಾಲರಾದಲ್ಲಿ ಹೆಣ ತೊಳೆದವರು ಆ ದಿನ ಅಡುಗೆಗೆ ಕೈ ಹಾಕಬಾರದು ಎಂಬುದು ಮುಖ್ಯ ನಿಯಮ. ಸಾವಿನ ಮನೆಯಲ್ಲಿ ಒಲೆ ಹಚ್ಚದೆ ಪಕ್ಕದ ಮನೆಯವರು ಗಂಜಿ ತಂದುಕೊಡುವ ನಮ್ಮ ಕಡೆಯ ಪದ್ಧತಿ ಇಲ್ಲಿ ನಿಜಕ್ಕೂ ಉಪಕಾರಿ.

(ಆದರೆ 'ಸೂತಕ ಅಂದರೆ ಹಿಂದಿನವರ ಕ್ವಾರಂಟೈನ್' ಎಂಬ ಮೆಸೇಜು ಬರುತ್ತದಲ್ಲ, ಅದನ್ನು ನಂಬಿ ಕೂರಬೇಡಿ. ಸೂತಕದ ಮನೆಗೆ ಊರಿಡೀ ಮಾತಾಡಿಸಲು ಬರುತ್ತದೆ.)

ನಿಫಾ ಇವೆಲ್ಲಕ್ಕಿಂತ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅದು ತಗಲಿದ ನೂರು ಜನರಲ್ಲಿ 40ರಿಂದ 75 ಮಂದಿ ಸಾಯುತ್ತಾರೆ. ರೋಗಿಯ ಜೊಲ್ಲು, ಕಫ, ಮೂತ್ರದಲ್ಲಿ ವೈರಸ್ ಇರುತ್ತದೆ. ಬಾಂಗ್ಲಾದೇಶದಲ್ಲಿ 2010ರಲ್ಲಿ ಹೆಣದಿಂದಲೇ ನಿಫಾ ತಗಲಿರಬೇಕೆಂದು ವಿಜ್ಞಾನಿಗಳು ದಾಖಲಿಸಿದ್ದಾರೆ. ಅಂಥ ದಾಖಲೆಗಳು ಕಡಿಮೆ. ಆದರೆ ತಗಲಿದರೆ ಬೆಲೆ ತುಂಬಾ ದೊಡ್ಡದು. ಹೆಣದಿಂದ ಹರಡುವ ಸಾಧ್ಯತೆ ಇದೆ, ಹರಡಿದರೆ ಉಳಿಯುವ ಭರವಸೆ ಕಡಿಮೆ. ಬಿಗಿಗೆ ಕಾರಣ ಈ ಎರಡೂ ಒಟ್ಟಿಗೆ ಸೇರಿರುವುದು.

ಮೊದಲ ಸಾವಿಗೆ ಹೆಸರಿರುವುದಿಲ್ಲ

ಇಷ್ಟು ಓದಿದ ಮೇಲೆ ಸರಳ ಅನ್ನಿಸಬಹುದು. ರೋಗ ಯಾವುದೆಂದು ನೋಡುವುದು, ಅದಕ್ಕೆ ತಕ್ಕ ಹಾಗೆ ನಡೆಯುವುದು. ಆದರೆ ಮನೆಯಲ್ಲಿ ಸಾವು ಆದಾಗ ತೊಡಕು ಇರುವುದೇ ಇಲ್ಲಿ. ರೋಗದ ಹೆಸರು ಗೊತ್ತಿರುವುದಿಲ್ಲ.

2018ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಹತ್ತಿರದ ಒಬ್ಬ ಯುವಕ ಜ್ವರದಿಂದ ತೀರಿಕೊಂಡ. ಅವನದು ನಿಫಾ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಅದೇ ಮನೆಯಲ್ಲಿ ಎರಡನೆಯವನು ಅದೇ ಲಕ್ಷಣದಿಂದ ಆಸ್ಪತ್ರೆ ಸೇರಿದಾಗ ವೈದ್ಯರಿಗೆ ಅನುಮಾನ ಬಂತು. ಮಾದರಿ ಹೋದದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಅಲ್ಲಿ ಗೊತ್ತಾಯಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಸರಕಾರದ ಲೆಕ್ಕದಲ್ಲಿ ಆ ಸಲ 17 ಮಂದಿ ತೀರಿಕೊಂಡರು. ಅವರಲ್ಲಿ ಮೊದಲ ರೋಗಿಯ ಆರೈಕೆ ಮಾಡಿದ್ದ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿಯೂ ಇದ್ದರು.

ಇಲ್ಲೊಂದು ವಿಷಯ ಗಮನಿಸಬೇಕು. ಆ ಸಲ ಹೆಚ್ಚಿನವರಿಗೆ ರೋಗ ಬಂದದ್ದು ಆಸ್ಪತ್ರೆಯಲ್ಲಿ, ಕೆಮ್ಮುತ್ತಿದ್ದ ಜೀವಂತ ರೋಗಿಯಿಂದ. ಹೆಣದಿಂದ ಅಲ್ಲ. ಸತ್ತ ಮೇಲೆ ಬಿಗಿ ಮಾಡಿ, ಅದಕ್ಕೆ ಹಿಂದಿನ ಒಂದು ವಾರ ಬರಿಗೈಯಲ್ಲಿ ವಾಂತಿ ಬಳಿದರೆ ಏನೂ ಉಪಯೋಗವಿಲ್ಲ. ಮನೆಯಲ್ಲಿ ಆರೈಕೆ ಮಾಡಿದವರೇ ಸಾಮಾನ್ಯವಾಗಿ ಸ್ನಾನವನ್ನೂ ಮಾಡಿಸುತ್ತಾರೆ. ಅವರಿಗೆ ಅಪಾಯ ಎರಡು ಪಟ್ಟು.

ಹೆಸರು ಗೊತ್ತಿಲ್ಲದಿದ್ದರೂ ಕೆಲವು ಸೂಚನೆಗಳು ಕಣ್ಣಿಗೆ ಬೀಳುತ್ತವೆ. ಕೆಲವೇ ದಿನದ ಜ್ವರ, ಅದರ ಜೊತೆ ಮಾತು ತಡವರಿಸುವುದು, ಪ್ರಜ್ಞೆ ತಪ್ಪುವುದು, ಉಸಿರು ಕಟ್ಟುವುದು. ಒಂದೇ ಮನೆಯಲ್ಲಿ ಇಬ್ಬರಿಗೆ ಒಂದೇ ತರಹದ ಕಾಯಿಲೆ. ನಿಫಾ ಸುದ್ದಿ ಇರುವ ಜಿಲ್ಲೆಗೆ ಹೋಗಿ ಬಂದದ್ದು, ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಕೂತದ್ದು. ಎಂಬತ್ತೈದರ ಅಜ್ಜ ವರ್ಷಗಟ್ಟಲೆ ಮಲಗಿದ್ದು ಹೋಗುವುದಕ್ಕೂ, ನಲವತ್ತರವರು ಐದು ದಿನದ ಜ್ವರಕ್ಕೆ ಹೋಗುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಾದರೆ ದೇಹ ಮುಟ್ಟುವ ಮೊದಲು ಫೋನ್ ಎತ್ತಬೇಕು. ಸತ್ತ ಮೇಲೂ ಮೂಗು ಗಂಟಲಿನ ಮಾದರಿ ತೆಗೆದು ಪರೀಕ್ಷೆ ಮಾಡಲು ಸಾಧ್ಯ. ಸುಟ್ಟ ಮೇಲೆ ಆಗುವುದಿಲ್ಲ.

ಗಂಟು ಇರುವುದು ಸ್ನಾನದಲ್ಲಿ

ಕಾಸರಗೋಡಿನಲ್ಲಿ ಜಾತಿ ಧರ್ಮ ಏನೇ ಇರಲಿ, ಸತ್ತವರನ್ನು ತೊಳೆಯದೆ ಕಳಿಸುವುದಿಲ್ಲ. ಹಿಂದೂ ಮನೆಗಳಲ್ಲಿ ಅಂಗಳದಲ್ಲೋ ಜಗಲಿಯ ಬದಿಯಲ್ಲೋ ಸ್ನಾನ ಮಾಡಿಸಿ, ಬಾಯಿಗೆ ತುಳಸಿ ನೀರು ಬಿಡುತ್ತಾರೆ. ಮುಸ್ಲಿಂ ಮನೆಗಳಲ್ಲಿ ಮಯ್ಯತ್ತಿನ, ಅಂದರೆ ಸತ್ತವರ ದೇಹದ, ಸ್ನಾನ ಕಡ್ಡಾಯದ ಕರ್ತವ್ಯ, ಆಮೇಲೆ ಕಫನ್ ಬಟ್ಟೆ ಸುತ್ತುತ್ತಾರೆ. ಬೇಳ, ಕಯ್ಯಾರಿನ ಕ್ರೈಸ್ತ ಮನೆಗಳಲ್ಲೂ ದೇಹ ತೊಳೆದು, ಒಳ್ಳೆಯ ಬಟ್ಟೆ ಹಾಕಿ, ಪೆಟ್ಟಿಗೆಯಲ್ಲಿ ಮಲಗಿಸಿ ನೋಡಲು ಇಡುತ್ತಾರೆ.

ಪ್ರೀತಿಯ ಕೆಲಸವೇ ಅತಿ ಅಪಾಯದ ಕೆಲಸವೂ ಆಗಿರುವುದು ಇಲ್ಲಿನ ಸಂಕಟ. ಸ್ನಾನದಲ್ಲಿ ದೇಹವನ್ನು ತಿರುಗಿಸಬೇಕು, ಹೊಟ್ಟೆ ಒತ್ತಬೇಕು, ಬಾಯಿ ಮೂಗು ಒರೆಸಬೇಕು. ನೀರು ಸಿಡಿಯುತ್ತದೆ. ಹರಿದ ನೀರು ಅಂಗಳದಲ್ಲಿ ನಿಲ್ಲುತ್ತದೆ, ಮಕ್ಕಳು ಅದರಲ್ಲೇ ಓಡಾಡುತ್ತಾರೆ. ಹಾಗಾಗಿ ಸಂಸ್ಕಾರದ ಇಡೀ ಸರಣಿಯಲ್ಲಿ ನಿಯಮಗಳು ಮೊದಲು ಕೈ ಹಾಕುವುದು ಸ್ನಾನಕ್ಕೆ. ಜನರ ಸಿಟ್ಟು ಏಳುವುದೂ ಅಲ್ಲೇ.

ಇಲಾಖೆ, ಮನೆಯವರು, ನೆರೆಕರೆ

ಆರೋಗ್ಯ ಇಲಾಖೆಯ ವಾದ ಇಷ್ಟೇ. ಒಬ್ಬರಿಗೆ ತಗಲಿದರೂ ಸರಪಳಿ ಬೆಳೆಯುತ್ತದೆ, ಆದ್ದರಿಂದ ಅನುಮಾನ ಇದ್ದರೂ ಬಿಗಿಯೇ ಇರಲಿ. ಮನೆಯವರ ವಾದಕ್ಕೂ ತೂಕವಿದೆ. ಮುಖವನ್ನೂ ತೋರಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಳಿಸಿದರೆ ಆ ಗಾಯ ವರ್ಷಗಟ್ಟಲೆ ಮಾಯುವುದಿಲ್ಲ. ಮೂರನೆಯವರು ನೆರೆಕರೆಯವರು. ಅವರಿಗೆ ಹೊಗೆಯಿಂದ, ಮಣ್ಣಿನಿಂದ, ನೀರಿನಿಂದ ರೋಗ ಬರುತ್ತದೆಂಬ ಭಯ. 2020ರ ಜುಲೈಯಲ್ಲಿ ಕೋಟ್ಟಯಂನ ಮುಟ್ಟಂಬಲಂ ಸ್ಮಶಾನದಲ್ಲಿ ಕೋವಿಡ್ ರೋಗಿಯ ಸಂಸ್ಕಾರಕ್ಕೆ ಜನ ಅಡ್ಡ ನಿಂತದ್ದು ಈ ಭಯದಿಂದಲೇ. ಅದಕ್ಕೆ ಮೊದಲು 2018ರಲ್ಲಿ ಕೋಝಿಕ್ಕೋಡಿನಲ್ಲಿ ಚಿತಾಗಾರದ ಕೆಲಸಗಾರರೇ ಹಿಂದೇಟು ಹಾಕಿದ್ದರು. ಆಗ ನಗರಪಾಲಿಕೆಯ ಆರೋಗ್ಯಾಧಿಕಾರಿ ಡಾ. ಆರ್. ಎಸ್. ಗೋಪಕುಮಾರ್ ತಾವೇ ಮುಂದೆ ನಿಂತು ಹಲವರ ಸಂಸ್ಕಾರ ನಡೆಸಿದರು.

ಈ ಮೂವರಲ್ಲಿ ನೆರೆಕರೆಯವರ ಭಯಕ್ಕೆ ಆಧಾರ ಅತಿ ಕಡಿಮೆ. ಚಿತೆಯ ಬಿಸಿಯಲ್ಲಿ ಯಾವ ವೈರಸ್ಸೂ ಉಳಿಯುವುದಿಲ್ಲ, ಹೊಗೆಯಿಂದ ರೋಗ ಬರುವುದಿಲ್ಲ. ಮುಂಬಯಿಯ ಬಾಂದ್ರಾದಲ್ಲಿ ಕೋವಿಡ್ ಹೆಣಗಳನ್ನು ಹೂಳಬಾರದೆಂಬ ಅರ್ಜಿಗೆ ಬಾಂಬೆ ಹೈಕೋರ್ಟ್ 2020ರ ಮೇ 22ರಂದು ಒಪ್ಪಲಿಲ್ಲ. ಗೌರವದ ಸಂಸ್ಕಾರವೂ ಸಂವಿಧಾನದ 21ನೇ ವಿಧಿ ಕೊಡುವ ಹಕ್ಕಿನ ಭಾಗ ಎಂದಿತು. ಅಂತ್ಯಸಂಸ್ಕಾರಕ್ಕೆ ಬಂದವರಿಗೆ ಬೇಕೆಂದೇ ತೊಂದರೆ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಲ್ಲಿ ಒಂದು ವರ್ಷದ ತನಕ ಜೈಲು ಆಗಬಹುದು.

ಇಲಾಖೆ ಮತ್ತು ಮನೆಯವರ ನಡುವಿನ ಜಗ್ಗಾಟ ನಿಜವಾದದ್ದು. ಅದರಲ್ಲಿ ನಿಯಮಗಳೇ ಬದಲಾಗಿವೆ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್ 15ರಂದು ಹೊರಡಿಸಿದ ಕೋವಿಡ್ ಸೂಚನೆಯನ್ನು ಜನ 'ಏನೂ ಮಾಡಬಾರದು' ಎಂದು ಓದಿಕೊಂಡರು. ಅದರಲ್ಲಿ ಇದ್ದದ್ದು ಬೇರೆ. ಚೀಲದ ಮುಖದ ಭಾಗ ತೆರೆದು ಮನೆಯವರಿಗೆ ಕೊನೆಯ ಸಲ ತೋರಿಸಬಹುದು. ಮಂತ್ರ ಓದಬಹುದು, ತೀರ್ಥ ಚಿಮುಕಿಸಬಹುದು, ದೇಹ ಮುಟ್ಟದ ಯಾವ ಕ್ರಿಯೆಯನ್ನೂ ಮಾಡಬಹುದು. ಸ್ನಾನ, ಮುತ್ತಿಡುವುದು, ಅಪ್ಪಿಕೊಳ್ಳುವುದು ಮಾತ್ರ ಬೇಡ. ಬೂದಿಯಿಂದ ಅಪಾಯ ಇಲ್ಲ, ಅಸ್ಥಿ ಸಂಚಯನ ಮಾಡಬಹುದು. ಆಮೇಲೆ 2021ರ ಜೂನಿನಲ್ಲಿ ಕೇರಳ ಸರಕಾರ ಕೋವಿಡ್‌ನಿಂದ ಸತ್ತವರ ದೇಹವನ್ನು ಮನೆಗೆ ತಂದು ಒಂದು ಗಂಟೆಯ ತನಕ ಇಟ್ಟು ವಿಧಿ ನಡೆಸಲು ಒಪ್ಪಿತು. ಮುಸ್ಲಿಂ ವಿದ್ವಾಂಸರಲ್ಲಿ ಹಲವರು ಸ್ನಾನ ಸಾಧ್ಯವಿಲ್ಲದಾಗ ತಯಮ್ಮುಮ್, ಅಂದರೆ ನೀರಿನ ಬದಲು ಶುದ್ಧ ಮಣ್ಣಿನಿಂದ ಮಾಡುವ ಶುದ್ಧಿ, ಸಾಕೆಂದರು. ಆಲಪ್ಪುಳದ ಲ್ಯಾಟಿನ್ ಕ್ಯಾಥೊಲಿಕ್ ಧರ್ಮಪ್ರಾಂತ್ಯ 2020ರ ಜುಲೈಯಲ್ಲಿ ದೇಹ ಸುಟ್ಟು ಬೂದಿಯನ್ನು ಹೂಳಲು ಒಪ್ಪಿಗೆ ಕೊಟ್ಟಿತು. ಸಂಪ್ರದಾಯ ಜಗ್ಗುವುದಿಲ್ಲ ಎಂದು ಅಧಿಕಾರಿಗಳು ಅಂದುಕೊಳ್ಳುವಷ್ಟು ಅದು ಗಟ್ಟಿಯಲ್ಲ. ಮೊದಲೇ ಕೂತು ಮಾತಾಡಿದರೆ ಜಗ್ಗುತ್ತದೆ. ಹೆಣ ಅಂಗಳದಲ್ಲಿರುವಾಗ ಮಾತಾಡಿದರೆ ಜಗಳವಾಗುತ್ತದೆ.

ಮೊದಲ ಎರಡು ಗಂಟೆ

ಕಾಸರಗೋಡಿನ ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ ಒಂದು ಮನೆ ಎಂದು ಇಟ್ಟುಕೊಳ್ಳೋಣ. ಐದು ದಿನದ ಜ್ವರದ ಬಳಿಕ ಬೆಳಗಿನ ಜಾವ ಒಬ್ಬರು ತೀರಿಕೊಂಡಿದ್ದಾರೆ. ಪಕ್ಕದ ಮನೆಯವರು ಓಡಿ ಬಂದಿದ್ದಾರೆ. ಏನು ಮಾಡಬೇಕು?

ಮೊದಲ ಫೋನು ಆಶಾ ಕಾರ್ಯಕರ್ತೆಗೆ ಅಥವಾ ವಾರ್ಡ್ ಮೆಂಬರಿಗೆ. ಅವರಿಂದ ಹೆಲ್ತ್ ಇನ್‌ಸ್ಪೆಕ್ಟರ್‌ಗೆ, ಕುಟುಂಬ ಆರೋಗ್ಯ ಕೇಂದ್ರದ ವೈದ್ಯರಿಗೆ ಸುದ್ದಿ ಹೋಗುತ್ತದೆ. ಯಾರೂ ಸಿಗದಿದ್ದರೆ ಕೇರಳದ ದಿಶಾ ಸಹಾಯವಾಣಿ 1056 ಇದೆ. ಫೋನಿನಲ್ಲಿ ಹೇಳಬೇಕಾದ್ದು ಮೂರು ಮಾತು: ಎಷ್ಟು ದಿನದ ಜ್ವರ, ಏನೇನು ಲಕ್ಷಣ, ಎಲ್ಲೆಲ್ಲಿ ಚಿಕಿತ್ಸೆ ಆಗಿತ್ತು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇದ್ದರೆ ಅದರ ಫೋಟೋ ತೆಗೆದು ಕಳಿಸಿ. ಎಷ್ಟೋ ಸಲ ರೋಗದ ಹೆಸರು ಅದರಲ್ಲೇ ಇರುತ್ತದೆ, ಓದಿದವರು ಇರುವುದಿಲ್ಲ.

ಅವರು ಬರುವ ತನಕ ಆ ಕೋಣೆಯಲ್ಲಿ ಜನ ತುಂಬಬಾರದು. ಫ್ಯಾನ್ ಬಂದ್ ಮಾಡಿ ಕಿಟಕಿ ತೆರೆದಿಡಿ. ಮಕ್ಕಳು, ಬಸುರಿಯರು, ವಯಸ್ಸಾದವರು ಹೊರಗಿರಲಿ. ಬಂದವರು ಬಾಗಿಲಿಂದ ನೋಡಬಹುದು, ಕೈಮುಗಿಯಬಹುದು. ಅಳಬೇಡಿ ಎಂದು ಯಾರೂ ಹೇಳುತ್ತಿಲ್ಲ. ಮೈಮೇಲೆ ಬಿದ್ದು ಅಳುವುದು ಬೇಡ ಅಷ್ಟೇ.

ದೇಹವನ್ನು ಸರಿಪಡಿಸಲೇಬೇಕಾದರೆ ಇಬ್ಬರು ಸಾಕು. ಗಟ್ಟಿಮುಟ್ಟಾದವರು, ಕೈಮೇಲೆ ಗಾಯ ಇಲ್ಲದವರು. ಕೈಗವಸು, ಮಾಸ್ಕ್, ಕಣ್ಣಿಗೆ ಕನ್ನಡಕ, ಮೈಮೇಲೆ ರೈನ್‌ಕೋಟು. ಇಲ್ಲಿ ಮಳೆಗಾಲಕ್ಕೆ ಪ್ರತಿ ಮನೆಯಲ್ಲೂ ಒಂದು ಇದ್ದೇ ಇರುತ್ತದೆ. ಕೈಗವಸು ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಕವರನ್ನು ಕೈಗೆ ಕಟ್ಟಿಕೊಳ್ಳುವುದು ಬರಿಗೈಗಿಂತ ಮೇಲು. ಎದೆ, ಹೊಟ್ಟೆ ಒತ್ತಬಾರದು. ಬಾಯಿ ಮೂಗಿನ ಮೇಲೆ ಬಟ್ಟೆ ಹಾಕಿ. ಮೂತ್ರದ ಪೈಪು, ಮೂಗಿನ ಪೈಪು ಇದ್ದರೆ ನೀವೇ ಎಳೆಯಬೇಡಿ, ಅದನ್ನು ಆರೋಗ್ಯ ಕಾರ್ಯಕರ್ತರು ತೆಗೆಯಲಿ. ಹಾಸಿದ ಬಟ್ಟೆಯಲ್ಲೇ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಶೀಟು. ಫ್ರೀಜರ್ ಪೆಟ್ಟಿಗೆ ತರಿಸುವ ರೂಢಿ ಈಗ ಎಲ್ಲ ಕಡೆ ಇದೆ. ರೋಗದ ಅನುಮಾನ ಇದ್ದರೆ ತಂದುಕೊಡುವವರಿಗೆ ಅದನ್ನು ಮೊದಲೇ ಹೇಳಬೇಕು. ನಾಳೆ ಅದೇ ಪೆಟ್ಟಿಗೆ ಇನ್ನೊಂದು ಮನೆಗೆ ಹೋಗುತ್ತದೆ.

ಶುಚಿ ಮಾಡಲು ದುಬಾರಿ ಮದ್ದು ಬೇಡ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಸಾಕು. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಹಾಕಿ ಕಲಕಿದರೆ ಸುಮಾರು ಒಂದು ಶೇಕಡಾ ಬಲದ ದ್ರಾವಣ ಆಗುತ್ತದೆ. ಚೆಲ್ಲಿದ ವಾಂತಿ, ರಕ್ತವನ್ನು ಬಟ್ಟೆಯಿಂದ ಮುಚ್ಚಿ ಅದರ ಮೇಲೆ ಸುರಿದು ಅರ್ಧ ಗಂಟೆ ಬಿಟ್ಟು ಆಮೇಲೆ ತೆಗೆಯಬೇಕು. ಮಂಚ, ಬಾಗಿಲ ಹಿಡಿಕೆ, ಕಕ್ಕಸನ್ನೂ ಇದರಲ್ಲೇ ಒರೆಸಿ. ದ್ರಾವಣ ಆ ದಿನವೇ ಮಾಡಿದ್ದಾಗಿರಬೇಕು. ಹಿಂದಿನ ವರ್ಷ ಒಡೆದಿಟ್ಟ ಪ್ಯಾಕೆಟ್ಟಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಕಕ್ಕಸು ತೊಳೆಯುವ ಆಸಿಡ್ ಜೊತೆ ಇದನ್ನು ಬೆರೆಸಲೇಬಾರದು, ವಿಷದ ಗಾಳಿ ಏಳುತ್ತದೆ. ಮನುಷ್ಯರ ಮೈಮೇಲೆ ಸಿಂಪಡಿಸುವುದೂ ತಪ್ಪು. 2020ರಲ್ಲಿ ಕೆಲವು ಕಡೆ ಅದನ್ನೂ ಮಾಡಿದರು. ಅದರಿಂದ ಕಣ್ಣು ಉರಿಯಿತು, ಬೇರೇನೂ ಆಗಲಿಲ್ಲ.

ಸತ್ತವರ ಬಟ್ಟೆಯನ್ನು ಕೊಡವಬೇಡಿ. ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿ, ಸೋಪು ಹಾಕಿ ಒಗೆದು, ಬಿಸಿಲಿಗೆ ಹಾಕಿ. ಎಲ್ಲ ಮುಗಿದ ಮೇಲೆ ಕೈಗವಸು ಕಳಚುವಾಗ ಹೊರಮೈ ಮುಟ್ಟದ ಹಾಗೆ ಒಳಗು ಹೊರಗು ಮಾಡಿ ತೆಗೆಯಿರಿ. ಕೈಗೆ ಸೋಪು ಹಾಕಿ ತೊಳೆದು, ಸ್ನಾನ ಮಾಡಿ.

ಇನ್ನೊಂದು ಕೆಲಸವಿದೆ. ಒಂದು ನೋಟುಬುಕ್ಕಿನಲ್ಲಿ ಹೆಸರು ಬರೆಯಿರಿ. ಕಾಯಿಲೆಯ ದಿನಗಳಲ್ಲಿ ಯಾರು ಆರೈಕೆ ಮಾಡಿದರು, ಯಾವ ಆಟೋದಲ್ಲಿ ಹೋದರು, ಆ ದಿನ ಯಾರು ದೇಹ ಮುಟ್ಟಿದರು, ಅವರ ಫೋನ್ ನಂಬರ್ ಏನು. ನಿಫಾ ಎಂದು ಗೊತ್ತಾದರೆ ಇವರೆಲ್ಲ 21 ದಿನ ಜ್ವರ ಬರುತ್ತದೋ ಎಂದು ನೋಡುತ್ತಿರಬೇಕು. ಮೂರು ದಿನ ಕಳೆದ ಮೇಲೆ ಅಳುತ್ತಾ ಕೂತವರಿಂದ ಈ ಪಟ್ಟಿ ಹೊರಡಿಸುವುದು ಎಷ್ಟು ಕಷ್ಟ ಎಂದು ಯಾವ ಹೆಲ್ತ್ ಇನ್‌ಸ್ಪೆಕ್ಟರನ್ನು ಕೇಳಿದರೂ ಹೇಳುತ್ತಾರೆ.

ವೈದ್ಯರು ಬಂದು ಇದು ಇಲಿಜ್ವರ, ಡೆಂಗಿ ಎಂದರೆ ಅಲ್ಲಿಗೆ ಬಿಗಿ ಸಡಿಲ. ಕೈಗವಸು ಹಾಕಿ ಸ್ನಾನ ಮಾಡಿಸಿ, ಉಳಿದದ್ದು ಎಂದಿನಂತೆ. ಹಾಗಾಗಿ ಮೊದಲು ಫೋನ್ ಮಾಡಿದರೆ ವಿಧಿಗಳು ತಪ್ಪಿಹೋಗುತ್ತವೆ ಎಂಬ ಭಯ ಬಹಳ ಸಲ ಸರಿಯಲ್ಲ. ಒಂದೆರಡು ಗಂಟೆ ತಡವಾಗಬಹುದು ಅಷ್ಟೇ.

ಸುಡುವುದೋ, ಹೂಳುವುದೋ

ಸಾಂಕ್ರಾಮಿಕ ರೋಗವಾದರೆ ಸುಡಲೇಬೇಕು ಎಂದು ಹಲವರು ನಂಬಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚಿನ ಸೂಚನೆಯಲ್ಲಿ ಇದನ್ನು ತಪ್ಪು ನಂಬಿಕೆ ಎಂದೇ ಕರೆದಿದೆ. ಸುಡುವುದು, ಹೂಳುವುದು ಆಯಾ ಸಮುದಾಯದ ರೂಢಿ ಮತ್ತು ಅನುಕೂಲದ ವಿಷಯ. ತೋಟದ ಮೂಲೆಯಲ್ಲಿ ಮಾವಿನ ಕಟ್ಟಿಗೆಯ ಚಿತೆ ಆದೀತು, ಜಮಾಅತಿನ ಖಬರಸ್ತಾನವೂ ಆದೀತು, ಇಗರ್ಜಿಯ ಹಿಂದಿನ ಗುಂಡಿಯೂ ಆದೀತು.

ಹೂಳುವಾಗ ಗಮನ ಕೊಡಬೇಕಾದ್ದು ನೀರಿಗೆ. ಕಾಸರಗೋಡಿನದು ಮುರಕಲ್ಲಿನ ನೆಲ. ಕಲ್ಲಿನ ತೂತುಗಳಲ್ಲಿ ಮಳೆನೀರು ಸರಸರ ಇಳಿಯುತ್ತದೆ. ಎಣ್ಮಕಜೆ, ಬಾಯಾರು, ಬೆಳ್ಳೂರಿನ ಕಡೆ ಗುಡ್ಡ ಕೊರೆದ ಸುರಂಗಗಳ ನೀರನ್ನೇ ಕುಡಿಯುವ ಮನೆಗಳಿವೆ. ಗುಂಡಿ ಕುಡಿಯುವ ನೀರಿನ ಮೂಲದಿಂದ ಕಡಿಮೆ ಎಂದರೂ 30 ಮೀಟರ್ ದೂರ ಇರಬೇಕು, ಅದರ ತಳ ನೀರಿನ ಮಟ್ಟಕ್ಕಿಂತ 1.5 ಮೀಟರ್ ಮೇಲಿರಬೇಕು ಎಂಬುದು ಸಾಮಾನ್ಯ ಲೆಕ್ಕ. ಜುಲೈಯಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದಲ್ಲ, ಆಗ ಈ ಎರಡನೆಯ ಅಳತೆಯನ್ನು ಇಟ್ಟುಕೊಳ್ಳುವುದು ಕಷ್ಟ. ನಿಫಾದಂಥ ರೋಗದಲ್ಲಿ ಇಲಾಖೆ ಆಳದ ಗುಂಡಿ ಕೇಳುತ್ತದೆ. ಆದ್ದರಿಂದ ಎತ್ತರದ ಜಾಗ ಯಾವುದು ಎಂದು ಜಮಾಅತ್, ಇಗರ್ಜಿ, ಪಂಚಾಯತ್ ಬೇಸಿಗೆಯಲ್ಲೇ ನೋಡಿಡುವುದು ಒಳ್ಳೆಯದು.

ಮುಚ್ಚಿಟ್ಟರೆ

ನಿಯಮ ಅತಿ ಬಿಗಿಯಾದರೆ ಜನ ಅದನ್ನು ಒಪ್ಪುವುದಿಲ್ಲ, ಸುತ್ತಿಕೊಂಡು ಹೋಗುತ್ತಾರೆ. 2014ರಿಂದ 2016ರ ತನಕ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ 11,000ಕ್ಕೂ ಹೆಚ್ಚು ಜನರನ್ನು ಕೊಂದಿತು. ಅಲ್ಲೂ ಹೆಣ ತೊಳೆಯುವ ಪದ್ಧತಿ, ಅಲ್ಲೂ ಅದರಿಂದ ರೋಗ ಹಬ್ಬಿತು. ಮೊದಲು ಬಿಳಿ ಉಡುಪಿನ ತಂಡಗಳು ಬಂದು ಹೆಣ ಒಯ್ಯತೊಡಗಿದವು. ಮನೆಯವರು ರೋಗಿಗಳನ್ನು ಬಚ್ಚಿಟ್ಟರು, ರಾತ್ರಿ ಗುಟ್ಟಾಗಿ ಹೂಳಿದರು. 2014ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಮುಸ್ಲಿಂ, ಕ್ರೈಸ್ತ ಧರ್ಮಗುರುಗಳನ್ನು ಕೂರಿಸಿಕೊಂಡು ನಿಯಮವನ್ನು ಮತ್ತೆ ಬರೆಯಿತು. ಪ್ರಾರ್ಥನೆಗೆ, ಮನೆಯವರು ದೂರದಿಂದ ನೋಡುವುದಕ್ಕೆ ಅದರಲ್ಲಿ ಜಾಗವಿತ್ತು.

ನಮ್ಮಲ್ಲಿ ಮುಚ್ಚಿಡುವ ಬಗೆ ಬೇರೆ. 'ಹಾರ್ಟ್ ಅಟ್ಯಾಕ್' ಎಂದು ಹೇಳಿ ಬೇಗ ಬೇಗ ಮುಗಿಸಿಬಿಡುವುದು. ಅದರಿಂದ ಎರಡು ನಷ್ಟ. ಒಂದು, ಅದೇ ಮನೆಯ ಎರಡನೆಯ ಜ್ವರವನ್ನು ವೈದ್ಯರು ಮಾಮೂಲಿ ಜ್ವರ ಎಂದು ನೋಡುತ್ತಾರೆ. ಇನ್ನೊಂದು ಹಣದ್ದು. ಕೋವಿಡ್ ಸಾವಿಗೆ 50,000 ರೂಪಾಯಿ ಪರಿಹಾರ ಬಂದಾಗ ಸರಿಯಾದ ಕಾಗದ ಇಲ್ಲದವರು ಅಲೆದಾಡಬೇಕಾಯಿತು. ಪರೀಕ್ಷೆಯಲ್ಲಿ ಕೋವಿಡ್ ಎಂದು ಬಂದ 30 ದಿನದೊಳಗೆ ಮನೆಯಲ್ಲಿ ಸತ್ತರೂ ಕೋವಿಡ್ ಸಾವೇ ಎಂಬ ಕೇಂದ್ರದ ನಿಯಮ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಪರೀಕ್ಷೆಯನ್ನೇ ಮಾಡಿಸದವರಿಗೆ ಅದೂ ಸುಲಭಕ್ಕೆ ಉಪಯೋಗಕ್ಕೆ ಬರಲಿಲ್ಲ.

ಗಡಿ ದಾಟಬೇಕಾದ ಕಾಗದ

ಕಾಸರಗೋಡಿಗೆ ಇನ್ನೊಂದು ತೊಡಕಿದೆ. ಇಲ್ಲಿಯ ಗಂಭೀರ ರೋಗಿಗಳಲ್ಲಿ ಎಷ್ಟೋ ಮಂದಿ ಕರ್ನಾಟಕದ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಕರ್ನಾಟಕ ಅಲ್ಲಿ ರಸ್ತೆ ಮುಚ್ಚಿದಾಗ ಹಲವು ರೋಗಿಗಳು ಆಸ್ಪತ್ರೆ ಸೇರಲಾಗದೆ ತೀರಿಕೊಂಡ ಸುದ್ದಿ ಬಂತು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಈಗ ರಸ್ತೆ ತೆರೆದಿದೆ. ಆದರೆ ರೋಗದ ಮಾಹಿತಿ ರೋಗಿಯಷ್ಟು ಬೇಗ ಗಡಿ ದಾಟುವುದಿಲ್ಲ. 'ಇನ್ನು ಆಗುವುದಿಲ್ಲ, ಮನೆಗೆ ಕರಕೊಂಡು ಹೋಗಿ' ಎಂದು ಕಳಿಸಿದ ರೋಗಿ ಮನೆಯಲ್ಲಿ ಸತ್ತರೆ ಲ್ಯಾಬಿನ ರಿಪೋರ್ಟು ಅತ್ತ ಕಡೆ, ಹೆಣ ಇತ್ತ ಕಡೆ. ಬರಬೇಕಾದ ರಿಪೋರ್ಟು ಯಾವುದಾದರೂ ಬಾಕಿ ಇದೆಯೇ ಎಂದು ಆಸ್ಪತ್ರೆಯಿಂದ ಹೊರಡುವಾಗಲೇ ಕೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ನೋಂದಣಿಯೂ ಸಾವು ಎಲ್ಲಿ ಆಯಿತೋ ಅಲ್ಲಿ. ಮಂಗಳೂರಿನ ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯೇ ಅಲ್ಲಿ ತಿಳಿಸುತ್ತದೆ. ಮನೆಯಲ್ಲಾದರೆ ಮನೆಯ ಹಿರಿಯರು 21 ದಿನದೊಳಗೆ ಪಂಚಾಯತಿಗೆ ತಿಳಿಸಬೇಕು. ದಾರಿಯಲ್ಲಿ ವಾಹನದೊಳಗೆ ಜೀವ ಹೋದರೆ ಆಮೇಲೆ ವಾಹನ ಮೊದಲು ನಿಂತ ಊರಿನಲ್ಲಿ. ತಲಪಾಡಿಯ ಆಚೆಯೋ ಈಚೆಯೋ ಎಂಬುದರ ಮೇಲೆ ರಾಜ್ಯವೇ ಬದಲಾಗುತ್ತದೆ! ಮನೆಯ ಸಾವಿಗೂ ಕೊನೆಯ ಕಾಯಿಲೆಗೆ ನೋಡಿದ ವೈದ್ಯರಿಂದ ಕಾರಣದ ಪತ್ರ ಪಡೆಯಲು ಪ್ರತ್ಯೇಕ ನಮೂನೆ ಇದೆ, 4ಎ. ಕೇಳಿ ಪಡೆದುಕೊಳ್ಳಿ.

ಇನ್ನು ಕಾನೂನು. ಕಾಸರಗೋಡು 1956ರ ತನಕ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ರಾಜ್ಯ ಬದಲಾದ ಮೇಲೂ ಇಲ್ಲಿ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆಯೇ ಉಳಿದಿತ್ತು, ತಿರುವಿದಾಂಕೂರಿನ ಕಡೆ ಬೇರೆ ಕಾಯ್ದೆ. ಎರಡರ ಜಾಗಕ್ಕೂ ಈಗ 2023ರ ಕೇರಳ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದಿದೆ. ಅಂದರೆ ಮಂಜೇಶ್ವರಕ್ಕೂ ತಿರುವನಂತಪುರಕ್ಕೂ ಈಗ ಒಂದೇ ಕಾಯ್ದೆ, ಆದರೆ ಒಂದೇ ಭಾಷೆ ಅಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ನಡೆಸಬಹುದು. ಮನೆಯಲ್ಲಿ ಸಾವಾದರೆ ಯಾರಿಗೆ ಫೋನ್ ಮಾಡಬೇಕು, ಏನನ್ನು ಮುಟ್ಟಬಾರದು, ಯಾವ ವಿಧಿ ಮಾಡಬಹುದು ಎಂಬ ಒಂದು ಪುಟದ ಸೂಚನೆಯನ್ನು ಮಳೆಗಾಲಕ್ಕೆ ಮೊದಲು ಕನ್ನಡದಲ್ಲಿ ಕೊಡಿ ಎಂದು ಪಂಚಾಯತಿಗೆ ಅರ್ಜಿ ಹಾಕಬಹುದು. ಆ ಅರ್ಜಿಯನ್ನೂ ಕನ್ನಡದಲ್ಲೇ ಬರೆಯಬಹುದು.